ಬೆಳಕಿಗೆ ಬೆನ್ನು

ಫ್ಯಾನು ತಿರುಗುತ್ತಿದೆ, ಸದ್ದಿಲ್ಲ, ಮೂರು ರೆಕ್ಕೆ ಕಲೆತು ಒಂದೇ ಬೂದು ತಟ್ಟೆ, ಬೆಳಿಗ್ಗೆ ಬಂದು ಕೂತಾಗ ಇದೇ ಫ್ಯಾನು ಕಟಕಟ ಕಟಕಟ ಅಂತ ತಲೆ ತಿಂದಿತ್ತು, ಈಗ ನೋಡಿದರೆ ಎಷ್ಟು ಸಾಧು — ಕಿವಿಯೊಳಗೆ ಹತ್ತಿ, ಹತ್ತಿಯ ಮೇಲೆ ದಪ್ಪನೆಯ ಹೆಡ್‌ಫೋನು, ಅವಳಿಗೆ ಕೇಳುತ್ತಿರುವುದು ಅವಳದೇ ಉಗುಳು ನುಂಗುವ ಸದ್ದು, ಗುಳುಕ್, ಛೇ, ಇಷ್ಟು ಜೋರಾಗಿಯಾ ತಾನು ಉಗುಳು ನುಂಗೋದು, ಪಕ್ಕದ ಲೆಕ್ಕದ ಮೇಷ್ಟ್ರಿಗೆ ಕೇಳಿಸಿತೇನೋ ಅಂತ ನಾಚಿಕೊಂಡು ತಿರುಗಿದರೆ ಅವರ ಕಿವಿಯೂ ಬಂದ್, ಇವತ್ತಿನ ತರಬೇತಿಯ ಚಟುವಟಿಕೆಯೇ ಇದು, ಹಾಲಿನ ತುಂಬಾ ಕೂತವರ ಕಿವಿಯೆಲ್ಲಾ ಬಂದ್, ಎಳೆ ಮೇಷ್ಟ್ರುಗಳು, ಎಳೆ ಟೀಚರುಗಳು, ಕೆಲಸಕ್ಕೆ ಸೇರಿ ವರ್ಷ ಎರಡು ವರ್ಷ ಆದವರು, ಕೇಳದ ಮಗು, ಕಾಣದ ಮಗು, ಓದಲು ತಿಣುಕುವ ಮಗು, ಎಲ್ಲರನ್ನೂ ಒಂದೇ ತರಗತಿಯಲ್ಲಿ ಕೂರಿಸಿಕೊಂಡು ಪಾಠ ಹೇಳೋದು ಹೇಗೆ ಅಂತ ಕಲಿಯಲು ಬಂದವರು, ಅಥವಾ ಹೆಡ್ ಮೇಡಂಗಳು ದಬ್ಬಿ ಕಳಿಸಿದ್ದಕ್ಕೆ ಬಂದವರು, ಅವಳು ಯಾವ ಪೈಕಿ ಅಂತ ಅವಳನ್ನೇ ಕೇಳಿದರೆ ಎರಡೂ ಅನ್ನುತ್ತಾಳೆ. ಎದುರಿಗೆ ತರಬೇತಿಯಮ್ಮ, ಹೆಸರು ಮೊದಲ ದಿನವೇ ಹೇಳಿದ್ದರು, ಯಾರೂ ಹಿಡಿದಿಟ್ಟುಕೊಳ್ಳಲಿಲ್ಲ, ತರಬೇತಿಯಮ್ಮ ಅಂತಲೇ ಆಗಿಹೋಯಿತು, ನೆರೆತ ಕೂದಲು, ಕೈತುಂಬಾ ಸೀಮೆಸುಣ್ಣ, ಈಗ ತುಟಿ ಆಡಿಸುತ್ತಿದ್ದಾರೆ, ಪುಸ್ತಕ — ಹೌದು, ಪುಸ್ತಕ ಅಂದರು, ಆಮೇಲೆ ಮನೆಯೋ ಮಣೆಯೋ, ಪರವಾಗಿಲ್ಲವಲ್ಲ, ತನಗೆ ತುಟಿ ಓದಲು ಬರುತ್ತದೆ, ಇದೇನು ಬ್ರಹ್ಮವಿದ್ಯೆಯಲ್ಲ ಬಿಡು ಅಂದುಕೊಳ್ಳುವಷ್ಟರಲ್ಲಿ ಆಯಮ್ಮ ಬೋರ್ಡಿನ ಕಡೆ ತಿರುಗಿಬಿಟ್ಟರು, ಬರೆಯುತ್ತಿದ್ದಾರೆ, ಬರೆಯುತ್ತಾ ಮಾತಾಡುತ್ತಿದ್ದಾರೆ, ಕಿವಿಯ ಕೆಳಗೆ ದವಡೆ ಆಡುವುದು ಕಾಣುತ್ತದೆ, ಮಾತು ಮಾತ್ರ ಬೋರ್ಡಿಗೆ ಹೋಯಿತು, ಅಷ್ಟೂ ಮಾತು ಬೋರ್ಡಿಗೆ.

ಅಯ್ಯೋ ಇದು ನಾನೇ, ಅನ್ನಿಸಿತು ಅವಳಿಗೆ, ಈ ಬೆನ್ನು ನನ್ನದೇ, ದಿನಾ ಬೆಳಿಗ್ಗೆ ಬೋರ್ಡಿಗೆ ಪಾಠ ಮಾಡುವವಳು ನಾನೇ, ಬರೀತಾ ಬರೀತಾ ಹೇಳು, ಸಮಯ ಉಳಿಯುತ್ತೆ ಅಂತ ಹಿರಿಯ ಟೀಚರೊಬ್ಬರು ಸೇರಿದ ವಾರವೇ ಹೇಳಿಕೊಟ್ಟಿದ್ದರು, ಅದನ್ನು ಎಷ್ಟು ಚೆನ್ನಾಗಿ ರೂಢಿ ಮಾಡಿಕೊಂಡಳೆಂದರೆ ಬಲಗೈ ಬರೆಯುತ್ತಿದ್ದರೆ ಬಾಯಿ ತಾನೇ ತೆರೆದುಕೊಳ್ಳುತ್ತದೆ, ಬರೆದು ಮುಗಿಸಿ ಕೈ ಕೊಡವಿ ತಿರುಗಿ, ಗೊತ್ತಾಯ್ತಾ ಮಕ್ಕಳೇ, ಆಯ್ತು ಟೀಚರ್, ಎಲ್ಲಾ ಬಾಯಿಗಳೂ ಒಟ್ಟಿಗೆ, ಮುಂದಿನ ಬೆಂಚಿನ ತುದಿಯಲ್ಲಿ ಒಂದು ಬಾಯಿ ಮಾತ್ರ ತೆರೆಯುವುದಿಲ್ಲ, ಅಲ್ಲೊಂದು ತಲೆ ಆಡುತ್ತದೆ, ಎರಡು ಜಡೆ, ಕೆಳಗೆ, ಮೇಲೆ, ಕೆಳಗೆ, ಮೇಲೆ. ಜಾಣಮರಿ. ಆ ಹೆಸರು ಅವಳೇ ಇಟ್ಟದ್ದು, ಮೊದಲ ದಿನ, ಕಿವಿಯ ಹಿಂದೆ ಮಿಷನ್ ಇಟ್ಟುಕೊಂಡು ತಾಯಿಯ ಬೆರಳು ಹಿಡಿದು ಬಂದ ಮಗು, ಇದಕ್ಕೆ ಸದ್ದು ಕೇಳುತ್ತೆ ಟೀಚರ್, ಮಾತು ಸರಿಯಾಗಿ ಕೇಳಲ್ಲ, ತುಟಿ ನೋಡಿ ತಿಳ್ಕೊಳ್ಳುತ್ತೆ ಅಂದಿದ್ದರು ತಾಯಿ, ಆಗಲಿ ಮುಂದೆ ಕೂತ್ಕೋ ಪುಟ್ಟಾ, ಬೋರ್ಡು ಕಾಣುತ್ತಾ ಅಂದದ್ದಕ್ಕೆ ಎರಡು ಜಡೆ ಕೆಳಗೆ ಮೇಲೆ ಆಡಿದವು, ಎಷ್ಟು ಜಾಣಮರಿ ಅಂತ ಅವಳ ಎದೆ ತುಂಬಿ ಬಂತು, ಸುಳ್ಳಲ್ಲ, ನಿಜವಾಗಿ ತುಂಬಿ ಬಂತು, ತನ್ನ ತರಗತಿಯಲ್ಲಿ ಇಂಥ ಮಗುವೂ ಇದೆ, ಅದಕ್ಕೂ ಅರ್ಥವಾಗುತ್ತಿದೆ, ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ತಿರುಗಿದ್ದೂ ಉಂಟು, ನನ್ನ ಜಾಣಮರಿ ನೋಡಿ, ಒಂದು ಸಲ ಹೇಳಿದರೆ ಸಾಕು. ಪರೀಕ್ಷೆ ಬಂತು, ಜಾಣಮರಿಯ ಹಾಳೆ ಹಾಗೇ ಖಾಲಿ, ಮೂಲೆಯಲ್ಲಿ ಒಂದು ಬೆಕ್ಕು ಬರೆದಿತ್ತು, ಬೆಕ್ಕಿಗೆ ಮೀಸೆ ಸಮೇತ. ಇದೇನಮ್ಮಾ, ಒಂದು ಅಕ್ಷರ ಇಲ್ಲ, ನೀವು ನೋಡಿದ್ರೆ ಜಾಣೆ ಅಂತೀರಿ ಅಂದರು ಹೆಡ್ ಮೇಡಂ, ಅವಳು ಏನಂದಳು, ತರಗತಿಯಲ್ಲಿ ಗೊತ್ತಾಯ್ತು ಅನ್ನುತ್ತೆ ಮೇಡಂ, ಬರೆಯೋ ಹೊತ್ತಿಗೆ ಸೋಮಾರಿತನ ಅನ್ಸುತ್ತೆ. ಸೋಮಾರಿತನ. ಆ ಮಾತು ಈಗ ಗಂಟಲಲ್ಲಿ ಬಂದು ಕೂತಿದೆ, ಗುಳುಕ್, ಇಳಿಯುತ್ತಿಲ್ಲ.

ಹೆಡ್ ಮೇಡಂ ಕೆಟ್ಟವರಲ್ಲ, ಯಾರೂ ಕೆಟ್ಟವರಲ್ಲ, ಅದೇ ತೊಂದರೆ. ನಮ್ಮ ಕೈಲಿ ಆಗಲ್ಲಮ್ಮ, ಮಗೂಗೆ ಅನ್ಯಾಯ ಆಗುತ್ತೆ, ಕೇಳದ ಮಕ್ಕಳಿಗೆ ಅಂತಲೇ ಒಂದು ಶಾಲೆ ಇದೆ, ದೂರದ ಊರು ನಿಜ, ಹಾಸ್ಟೆಲ್ಲಲ್ಲಿ ಇರಬೇಕು ನಿಜ, ಆದರೆ ಅಲ್ಲಿ ಕೈಯಲ್ಲೇ ಮಾತಾಡೋದು ಕಲಿಸ್ತಾರೆ, ಇದರಂಥ ಮಕ್ಕಳೇ ಇರ್ತಾರೆ — ಇರಬಹುದು, ಒಳ್ಳೆಯ ಶಾಲೆಯೇ ಇರಬಹುದು, ಇಲ್ಲಿಗಿಂತ ಸಾವಿರ ಪಾಲು ವಾಸಿಯೂ ಇರಬಹುದು, ತಾಯಿ ಸೆರಗು ತಿರುಚುತ್ತಾ ನಿಂತಿದ್ದರು, ಬಟ್ಟೆ ಹೊಲಿಯುವಾಕೆ, ಒಂಟಿ ಕೈ ಸಂಸಾರ, ನಾನೂ ಅವಳ ಸೋದರಮಾವನೂ ಕರ್ಕೊಂಡು ಹೋಗಿ ಬಿಟ್ಟು ಬರ್ತೀವಿ ಮೇಡಂ, ಆದರೆ ಮಗು ಒಪ್ಪಬೇಕಲ್ಲ, ಅವಳು ಬೇಡ ಅಂದ್ರೆ ನಾನು ಕಳಿಸಲ್ಲ, ಅಷ್ಟು ಖಡಾಖಂಡಿತವಾಗಿ ಹೇಳಿದ್ದರು ತಾಯಿ, ಅವಳು ಬೇಡ ಅಂದ್ರೆ ಕಳಿಸಲ್ಲ. ಸರಿ, ಕೇಳಿಬಿಡೋಣ, ನಮಗೆ ಮುಚ್ಚುಮರೆ ಏನು, ಟೀಚರ್ ನೀವೇ ಕೇಳಿ, ನಿಮ್ಮ ಮೇಲೆ ಅದಕ್ಕೆ ಪ್ರೀತಿ ಅಂದರು ಹೆಡ್ ಮೇಡಂ. ಸಂಜೆಯ ಹೊತ್ತು, ಹೆಡ್ ಮೇಡಂ ರೂಮಿನ ದೊಡ್ಡ ಕಿಟಕಿ, ಕಿಟಕಿಯ ತುಂಬಾ ಇಳಿಬಿಸಿಲು, ಅವಳು ಕಿಟಕಿಗೆ ಒರಗಿ ನಿಂತಿದ್ದಳು, ಮಗುವನ್ನು ಎದುರಿಗೆ ನಿಲ್ಲಿಸಿಕೊಂಡು ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ, ಎಷ್ಟು ಅಕ್ಕರೆಯಿಂದ ಹೇಳಿದ್ದಳು, ಪುಟ್ಟಾ, ಬೇರೆ ಊರಲ್ಲಿ ಒಂದು ಶಾಲೆ ಇದೆ, ಅಲ್ಲೇ ಇರಬೇಕು, ಅಮ್ಮ ಆಗಾಗ ಬಂದು ನೋಡ್ತಾರೆ, ಹೋಗ್ತೀಯಾ. ಮಗು ಕಣ್ಣು ಕಿರಿದು ಮಾಡಿತು, ಅಳು ತಡೀತಿದೆ ಪಾಪ ಅಂದುಕೊಂಡಳು ಅವಳು, ಕಿರಿದು ಮಾಡಿದ ಕಣ್ಣು ಅವಳ ಮುಖದ ಮೇಲೇ ನೆಟ್ಟು, ಒಮ್ಮೆ ತಾಯಿಯನ್ನು, ಒಮ್ಮೆ ಹೆಡ್ ಮೇಡಂ ನಗುಮುಖವನ್ನು ನೋಡಿ, ಆಮೇಲೆ ಎರಡು ಜಡೆ, ಕೆಳಗೆ, ಮೇಲೆ. ನೋಡಿದ್ರಾ, ಒಪ್ಪಿದ್ಲು, ದೊಡ್ಡವರಿಗಿಂತ ಧೈರ್ಯ ಈ ಮಗೂಗೆ ಅಂದರು ಹೆಡ್ ಮೇಡಂ, ತಾಯಿ ಕಣ್ಣೊರೆಸಿಕೊಂಡರು, ಅವಳಿಗೆ — ಕೇಳೋರು ಯಾರೂ ಇಲ್ಲ ಇಲ್ಲಿ, ತನಗೆ ತಾನೇ ಹೇಳಿಕೊಳ್ಳಲು ಏನು ಧಾಡಿ — ಅವಳಿಗೆ ಹಾಯೆನಿಸಿತು, ಭಾರ ಇಳಿದಂತೆ ಆಯಿತು, ಇನ್ನು ಆ ಖಾಲಿ ಹಾಳೆ ನೋಡಬೇಕಿಲ್ಲ ಅಂತ. ಇವತ್ತು ಹೊರಡುತ್ತಾರೆ, ಮಧ್ಯಾಹ್ನದ ಬಸ್ಸು, ಬೆಳಿಗ್ಗೆ ತಾಯಿ ಫೋನು ಮಾಡಿ ಹೇಳಿದ್ದರು, ನಿಮಗೊಂದು ಮಾತು ತಿಳಿಸೋಣ ಅಂತ ಮಾಡಿದೆ ಟೀಚರ್, ಒಳ್ಳೇದಾಗಲಿ ಅಂತ ಹಾರೈಸಿ, ಒಳ್ಳೇದಾಗಲಿ ಅಂದಳು ಅವಳು, ತರಬೇತಿಗೆ ತಡವಾಗುತ್ತಿತ್ತು.

ತರಬೇತಿಯಮ್ಮ ಬೋರ್ಡು ಬಿಟ್ಟು ಬರುತ್ತಿದ್ದಾರೆ, ಸದ್ದಿಲ್ಲದ ಹೆಜ್ಜೆ, ಹಾಲಿನ ಪಕ್ಕದ ಗೋಡೆಗೆ ಹೋಗಿ ಕಿಟಕಿಯ ಮುಂದೆ ನಿಂತರು, ಬೆಳಕಿಗೆ ಬೆನ್ನು ಮಾಡಿ, ಹೊರಗೆ ಬಿಸಿಲು ಧಗಧಗ, ಆಯಮ್ಮನ ಕೂದಲ ಅಂಚೆಲ್ಲಾ ಬೆಳ್ಳಗೆ ಹೊಳೆಯಿತು, ಮುಖ ಇಲ್ಲ, ಮುಖ ಇದ್ದ ಜಾಗದಲ್ಲಿ ಒಂದು ಕಪ್ಪು, ಕಪ್ಪಿನೊಳಗೆ ತುಟಿ ಆಡುತ್ತಿದೆಯೋ ಇಲ್ಲವೋ, ಅವಳು ಕಣ್ಣು ಕಿರಿದು ಮಾಡಿದಳು, ಇನ್ನೂ ಕಿರಿದು ಮಾಡಿದಳು, ಬೆಳಕು ಚುಚ್ಚಿ ನೀರು ಬಂತು, ಏನೋ ಹೇಳುತ್ತಿದ್ದಾರೆ, ಕೈ ಎತ್ತಿ ಇಳಿಸಿದರು, ಉದ್ದನೆಯ ಮಾತು, ಏನೋ ಕೇಳುತ್ತಿದ್ದಾರೆ, ಪ್ರಶ್ನೆಯೇ ಇರಬೇಕು, ಯಾಕೆಂದರೆ ಈಗ ಸುಮ್ಮನೆ ನಿಂತು ಕಾಯುತ್ತಿದ್ದಾರೆ, ಕಪ್ಪು ಮುಖ ಸಾಲು ಸಾಲಾಗಿ ಎಲ್ಲರನ್ನೂ ದಾಟಿ ಅವಳ ಮೇಲೆ ಬಂದು ನಿಂತಿತು, ಅವಳು ಪಕ್ಕಕ್ಕೆ ಕಳ್ಳನೋಟ ಬೀರಿದಳು, ಲೆಕ್ಕದ ಮೇಷ್ಟ್ರು ಗಂಭೀರವಾಗಿ ತಲೆ ಆಡಿಸುತ್ತಿದ್ದಾರೆ, ಮುಂದಿನ ಸಾಲಿನವರೂ ಆಡಿಸುತ್ತಿದ್ದಾರೆ, ಅವಳೂ ಆಡಿಸಿದಳು. ಕೆಳಗೆ, ಮೇಲೆ. ಆಡಿಸಿದ ಕೂಡಲೇ ಎಷ್ಟು ಹಗುರ, ಕಪ್ಪು ಮುಖ ಅವಳನ್ನು ಬಿಟ್ಟು ಮುಂದಕ್ಕೆ ಹೋಯಿತು, ಬದುಕಿದೆ. ಅಜ್ಜ ಹೀಗೇ ಆಡಿಸುತ್ತಿದ್ದರು, ಕೊನೆಕೊನೆಗೆ ಕಿವಿ ಪೂರ್ತಿ ಹೋದ ಮೇಲೆ, ಊಟಕ್ಕೆ ಕೂತಾಗ ಎಲ್ಲರೂ ನಕ್ಕು ಮುಗಿಸಿದ ಮೇಲೆ ಅಜ್ಜನ ನಗು ಹಿಂದಿನಿಂದ ಒಂಟಿಯಾಗಿ ಬರುತ್ತಿತ್ತು, ಅಕ್ಕ ಅವಳ ತೊಡೆ ಚಿವುಟುತ್ತಿದ್ದಳು, ಅಪ್ಪ ಒಂದು ದಿನ ಕೈತೊಳೆಯುತ್ತಾ, ಅಪ್ಪಯ್ಯಾ ನಿನ್ನ ಸೈಕಲ್ ಪಕ್ಕದ ಮನೆ ಹುಡುಗಂಗೆ ಕೊಟ್ಟುಬಿಡ್ಲಾ, ನೀನಂತೂ ತುಳಿಯಲ್ಲ, ಅಜ್ಜ ತಲೆ ಆಡಿಸಿದರು, ನಕ್ಕರು ಕೂಡ, ಮಾರನೇ ದಿನ ಬೆಳಿಗ್ಗೆ ಶೆಡ್ಡಿನಲ್ಲಿ ನಿಂತಿದ್ದರು ಅಜ್ಜ, ಹ್ಯಾಂಡಲ್ ಇರುತ್ತಿದ್ದ ಎತ್ತರಕ್ಕೆ ಕೈ ಚಾಚಿಕೊಂಡು, ನೀವೇ ಹೂಂ ಅಂದ್ರಲ್ಲ ಅಂತ ಅಮ್ಮ ಕೂಗಿ ಹೇಳಿದ್ದಕ್ಕೆ ಮತ್ತೆ ತಲೆ ಆಡಿಸಿದರು. ಅವಳ ಕಿವಿಯ ಮೇಲೆ ಯಾರೋ ತಟ್ಟಿದರು, ಲೆಕ್ಕದ ಮೇಷ್ಟ್ರು, ತೆಗೀರಿ ತೆಗೀರಿ ಅಂತ ಸನ್ನೆ, ಹೆಡ್‌ಫೋನು ಕಿತ್ತು, ಹತ್ತಿ ಕಿತ್ತು, ಕಟಕಟ ಕಟಕಟ, ಫ್ಯಾನಿಗೆ ಮತ್ತೆ ಬಾಯಿ ಬಂತು, ಬೆಂಚು ಎಳೆದ ಸದ್ದು, ಕೆಮ್ಮು, ಲೋಕವೆಲ್ಲಾ ಒಟ್ಟಿಗೆ ಮೈಮೇಲೆ ಬಿತ್ತು, ತರಬೇತಿಯಮ್ಮ ಕಿಟಕಿಯಿಂದ ಈಚೆ ಬಂದು ನಿಂತಿದ್ದಾರೆ, ಮುಖ ವಾಪಸ್ ಬಂದಿದೆ, ನಗುತ್ತಿದ್ದಾರೆ. ನಾನು ಏನು ಕೇಳಿದೆ, ಯಾರಾದ್ರೂ ಹೇಳಿ. ಟೀ ಕುಡಿಯೋಕೆ ಬಿಡ್ಲಾ ಅಂತ ಅಂದರು ಲೆಕ್ಕದ ಮೇಷ್ಟ್ರು, ಹಿಂದಿನಿಂದ ಇನ್ನೊಬ್ಬರು, ಚಟುವಟಿಕೆ ಹಿಡಿಸಿತಾ ಅಂತ. ಅಲ್ಲ, ವರ್ಷ ಪೂರ್ತಿ ಪ್ರತಿ ಭಾನುವಾರ ತರಬೇತಿಗೆ ಬರ್ತೀರಾ ಅಂತ ಕೇಳಿದೆ, ಎಲ್ಲರೂ ಒಪ್ಪಿದಿರಿ, ಒಬ್ಬರೂ ಬೇಡ ಅನ್ನಲಿಲ್ಲ, ಸಂತೋಷ. ಹಾಲೆಲ್ಲಾ ಘೊಳ್ಳೆಂದಿತು, ಸತ್ತೆವಲ್ಲಪ್ಪಾ ಅಂತ ಲೆಕ್ಕದ ಮೇಷ್ಟ್ರು ಹಣೆ ಹಣೆ ಚಚ್ಚಿಕೊಂಡರು, ಅವಳು ನಗಲಿಲ್ಲ.

ಅವಳಿಗೆ ತರಬೇತಿಯಮ್ಮ ಹೇಳುತ್ತಿರುವುದು ಎಲ್ಲೋ ದೂರದಿಂದ ಕೇಳುತ್ತಿದೆ, ಗೊತ್ತಾಯ್ತಾ ಅಂತ ಯಾವತ್ತೂ ಕೇಳಬೇಡಿ, ಮಗು ನಿಮ್ಮ ಮುಖ ನೋಡಿ ತಲೆ ಆಡಿಸುತ್ತೆ, ಆಡಿಸಿದ್ರೆ ನೀವು ಖುಷಿಯಾಗ್ತೀರಿ ಅಂತ ಅದಕ್ಕೆ ಗೊತ್ತು, ಬೆಳಕು ನಿಮ್ಮ ಮುಖದ ಮೇಲೆ ಬೀಳೋ ಹಾಗೆ ಕೂತು, ತಲೆ ಆಡಿಸಿ ತಪ್ಪಿಸಿಕೊಳ್ಳೋಕೆ ಆಗದಂಥ ಪ್ರಶ್ನೆ ಕೇಳಿ, ಏನು, ಎಲ್ಲಿ, ಯಾರು — ಅಳು ತಡೆಯುತ್ತಿರಲಿಲ್ಲ ಜಾಣಮರಿ ಅವತ್ತು, ಕಣ್ಣು ಕಿರಿದು ಮಾಡಿದ್ದು ಅಳುವಿಗಲ್ಲ, ನನ್ನ ತುಟಿ ಹುಡುಕುತ್ತಿತ್ತು, ನಾನು ಕಪ್ಪಾಗಿ ನಿಂತಿದ್ದೆ, ಕಿಟಕಿಯ ಮುಂದೆ, ಅಷ್ಟು ಅಕ್ಕರೆಯಿಂದ, ಒಂದೊಂದೇ ಮಾತು ಬಿಡಿಸಿ, ಕಪ್ಪಾಗಿ. ಎದ್ದಳು. ಮೊಣಕಾಲು ಬೆಂಚಿಗೆ ಬಡಿಯಿತು. ಎಲ್ಲಿಗಮ್ಮಾ, ಮಧ್ಯದಲ್ಲಿ ಎದ್ದು ಹೋದ್ರೆ ಹಾಜರಿ ಹಾಕಲ್ಲ, ತರಬೇತಿ ಪೂರ್ತಿಯಾಯ್ತು ಅಂತ ಪತ್ರ ಸಿಗಲ್ಲ ಅಂದರು ತರಬೇತಿಯಮ್ಮ, ಆ ಪತ್ರ ಇಲ್ಲದಿದ್ದರೆ ಕೆಲಸ ಕಾಯಂ ಆಗುವುದಿಲ್ಲ, ಇದು ಹಾಲಿನಲ್ಲಿ ಕೂತ ಎಲ್ಲರಿಗೂ ಗೊತ್ತು, ಅವಳ ಅಕ್ಕನಿಗೂ ಗೊತ್ತು, ದಿನಾ ಕೇಳುತ್ತಾಳೆ, ಮುಗೀತಾ ಮುಗೀತಾ ಅಂತ, ಹಾಳಾಗಿ ಹೋಗಲಿ, ಒಂದು ಫೋನು ಮಾಡ್ಬೇಕು ಮೇಡಂ, ಒಂದು ಮಗು ಬಸ್ ಹತ್ತುತ್ತೆ ಅಂದಳು, ಯಾರಿಗೂ ಅರ್ಥವಾಗದ ಮಾತು, ತರಬೇತಿಯಮ್ಮ ಮಾತ್ರ ಅವಳ ಮುಖವನ್ನೇ ಒಂದು ಗಳಿಗೆ ನೋಡಿ ಬಾಗಿಲ ಕಡೆ ಕೈ ತೋರಿಸಿದರು.

ಕಾರಿಡಾರು, ಉದ್ದಕ್ಕೂ ಒದ್ದೆ ನೆಲ, ಯಾರೋ ಈಗತಾನೇ ಒರೆಸಿದ್ದಾರೆ, ಒದ್ದೆಯ ಮೇಲೆ ಅವಳ ಚಪ್ಪಲಿಯ ಅಚ್ಚು, ಹೆಡ್ ಮೇಡಂ ಫೋನು ಎತ್ತುತ್ತಿಲ್ಲ, ತರಗತಿಯಲ್ಲಿರಬೇಕು, ಎತ್ತಿ ಮೇಡಂ ಎತ್ತಿ, ಬಿಡು, ತಾಯಿಗೇ ಮಾಡು, ರಿಂಗಾಗುತ್ತಿದೆ, ಇನ್ನೂ ಮನೆಯಲ್ಲೇ ಇರಲಿ, ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಇರದಿರಲಿ, ಹ್ಮ್ ಹ್ಮ್ ಅಂದಿತು ಆ ಕಡೆಯ ದನಿ, ಹ್ಮ್ಮ್ ಟೀ, ಏನು, ಏನಂದ್ರಿ, ಕೇಳಿಸ್ತಿಲ್ಲಮ್ಮ, ಬಾಯಲ್ಲಿ ಏನಿದೆ. ತಡೀರಿ ಟೀಚರ್, ಗುಂಡುಸೂಜಿ, ತೆಗೆದೆ, ಹೊಸ ಫ್ರಾಕು ಉದ್ದ ಆಗಿತ್ತು, ಮೈಮೇಲೇ ಮಡಚಿ ಹೊಲೀತಿದ್ದೆ, ಅಣ್ಣ ಬಂದಿದಾನೆ, ಚೀಲ ಕಟ್ಟಿ ಆಯ್ತು, ಇನ್ನೇನು ಹೊರಡೋದೇ. ಅಮ್ಮಾ, ಎಲ್ಲಿಗೆ ಹೋಗ್ತಿರೋದು ಅಂತ ಅವಳಿಗೆ ಗೊತ್ತಾ. ಗೊತ್ತಲ್ಲ ಟೀಚರ್, ನೀವೇ ಹೇಳಿದ್ರಲ್ಲ ಅವತ್ತು, ಮತ್ತೆ ನಾನು ಕೆದಕಲಿಲ್ಲ, ಕೆದಕಿದ್ರೆ ಅವಳು ಅಳ್ತಾಳೆ, ಅವಳಿಗಿಂತ ಮುಂಚೆ ನಾನು ಅಳ್ತೀನಿ, ಈಗೊಂದು ಸಲ ಕೇಳಿದೆ, ಹೋಗ್ತೀಯಲ್ಲಮ್ಮಾ ಅಂತ, ತಲೆ ಆಡಿಸಿದ್ಲು. ಯಾವಾಗ ಕೇಳಿದ್ರಿ, ಸೂಜಿ ಬಾಯಲ್ಲಿ ಇದ್ದಾಗಲಾ. ಹೂಂ, ಹೊಲೀತಾ, ಕೆಳಗೆ ಕೂತು. ಅಮ್ಮಾ ನನ್ನ ಒಂದು ಮಾತು ನಡೆಸಿಕೊಡಿ, ದಮ್ಮಯ್ಯ ಅಂತೀನಿ, ಅವಳ ಎದುರಿಗೆ ಕೂತ್ಕೊಳ್ಳಿ, ಬೆಳಕು ನಿಮ್ಮ ಮುಖಕ್ಕೆ ಬೀಳಲಿ, ಹೋಗ್ತೀಯಾ ಅಂತ ಕೇಳಬೇಡಿ, ಎಲ್ಲಿಗೆ ಹೋಗ್ತಿದ್ದೀವಿ ಅಂತ ಕೇಳಿ, ಅಷ್ಟೇ, ಅವಳೇ ಹೇಳಲಿ. ಫೋನು ಎಲ್ಲೋ ಇಟ್ಟ ಸದ್ದು, ಮರದ ಮೇಲೆ, ಕುರ್ಚಿ ಎಳೆದ ಸದ್ದು, ಕಿಟಕಿಯೋ ಬಾಗಿಲೋ ತೆರೆದ ಸದ್ದು, ಬಸ್ಸಿಗೆ ಹೊತ್ತಾಯ್ತು ಕಣೇ ಅಂತ ಒಂದು ಗಂಡುದನಿ, ಸುಮ್ನಿರಣ್ಣ ಅಂತ ತಾಯಿ, ಆಮೇಲೆ ತಾಯಿಯ ದನಿ ಬೇರೆ ಥರ, ನಿಧಾನ, ಅಗಲವಾಗಿ, ಎಲ್ಲಿಗೆ, ಹೋಗ್ತಾ, ಇದೀವಿ. ಅವಳು ಹತ್ತಿಯ ಉಂಡೆಯನ್ನು ಇನ್ನೂ ಮುಷ್ಟಿಯಲ್ಲೇ ಹಿಡಿದಿದ್ದಾಳೆ, ಬೆವರಿಗೆ ಒದ್ದೆಯಾಗಿದೆ, ದೇವರೇ ನಾನು ಅಂದುಕೊಂಡಿದ್ದು ಸುಳ್ಳಾಗಲಿ, ಹಾಸ್ಟೆಲ್ ಅನ್ನಲಿ, ದೊಡ್ಡ ಶಾಲೆ ಅನ್ನಲಿ, ನಾನು ಪೆದ್ದಿ ಅಂತಾಗಲಿ, ಮಗುವಿನ ದನಿ ಬಂತು, ಅಂಚು ಸವೆದ ಅಕ್ಷರಗಳು, ತರಗತಿಯಲ್ಲಿ ಅದು ಈ ದನಿಯಲ್ಲಿ ಮಾತಾಡಿದ್ದು ಅವಳಿಗೆ ನೆನಪೇ ಇಲ್ಲ, ಎಂದೂ ಮಾತಾಡಿಸಿದ್ದೇ ಇಲ್ಲ, ಅಜ್ಜಿ ಮನೆಗೆ, ಅಂದಿತು, ಎಷ್ಟು ಖುಷಿ ಆ ದನಿಯಲ್ಲಿ, ಮಾಮ ಬಂದ, ಚೀಲ ಕಟ್ಟಿದೆ, ಅಜ್ಜಿ ಮನೆಗೆ.

ತಾಯಿ ಫೋನಿಗೆ ಬರಲು ಹೊತ್ತಾಯಿತು. ಎಷ್ಟು ದಿನ ಇರ್ತೀಯಾ ಅಂತಾನೂ ಕೇಳಿದೆ ಟೀಚರ್, ಭಾನುವಾರ ವಾಪಸ್ ಬರೋಣ, ಸೋಮವಾರ ಸ್ಕೂಲಿದೆ, ಟೀಚರ್ ಕಾಯ್ತಾರೆ ಅಂತಿದೆ. ದನಿ ಒಡೆದು, ಮತ್ತೆ ಕೂಡಿಕೊಂಡು, ನಾನೇನು ಮಾಡ್ತಿದ್ದೆ ಟೀಚರ್, ಬಸ್ಸಿಂದ ಇಳಿದು ಅಲ್ಲಿ ಗೇಟಿನ ಹತ್ತಿರ ಬಿಟ್ಟು ಬಂದಿದ್ರೆ, ಅದು ಏನಂತ ತಿಳ್ಕೊಳ್ತಿತ್ತು. ಬೇಡಮ್ಮ, ಇವತ್ತು ಹತ್ತಿಸಬೇಡಿ, ನಾನು ಬರ್ತಿದ್ದೀನಿ, ಎದುರಿಗೆ ಕೂತು ಮೊದಲಿಂದ ಹೇಳೋಣ, ಅದು ಹೋಗ್ತೀನಿ ಅಂದ್ರೆ ಹೋಗಲಿ, ಇರ್ತೀನಿ ಅಂದ್ರೆ ಇರಲಿ, ಹೇಳಿದ್ದು ತಿಳಿದು ಅನ್ನಲಿ. ಅಷ್ಟು ಹೇಳಿದಳು, ಕೇಳಿಸ್ತಿದೆಯಾ ಟೀಚರ್, ಇದೀರಾ ಅನ್ನುತ್ತಿದ್ದಾರೆ ತಾಯಿ, ಇದ್ದೀನಿ ಅನ್ನಬೇಕು, ಬಾಯಿ ತೆರೆಯುತ್ತಿಲ್ಲ, ಫೋನು ಕಿವಿಗೆ ಒತ್ತಿ ಒದ್ದೆ ಕಾರಿಡಾರಿನಲ್ಲಿ ನಿಂತು ತಲೆ ಆಡಿಸುತ್ತಿದ್ದಾಳೆ, ಯಾರಿಗೆ ಕಾಣಬೇಕು ಅದು, ಆದರೂ ಆಡಿಸುತ್ತಿದ್ದಾಳೆ, ಕಣ್ಣೆದುರಿಗೆ ಆ ಸಂಜೆಯ ಇಳಿಬಿಸಿಲಿನ ಕಿಟಕಿ, ಕಿರಿದಾದ ಎರಡು ಕಣ್ಣು, ನನ್ನ ಮುಖ ಹುಡುಕುತ್ತಿವೆ, ಸಿಗುತ್ತಿಲ್ಲ, ಎರಡು ಜಡೆ, ಕೆಳಗೆ, ಮೇಲೆ, ಕೆಳಗೆ —